ಶಾಕಲ್ ಉದ್ದ ಮಾಡಿಸಿದ ಜಿಪ್ಸಿ: ಒಂದು ಸಸ್ಪೆನ್ಷನ್ ಕೆಲಸದ ಪೂರ್ತಿ ವಿವರ

ಗಾಡಿ 2011ರ ಮಾರುತಿ ಜಿಪ್ಸಿ, ಹಾರ್ಡ್ ಟಾಪ್, 1.3 ಲೀಟರ್ ಪೆಟ್ರೋಲ್ ಎಂಜಿನ್. ವಾರವಿಡೀ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಟ, ತಿಂಗಳಿಗೆರಡು ಸಲ ಸಕಲೇಶಪುರದ ಹತ್ತಿರದ ಕಾಫಿ ತೋಟಕ್ಕೆ. ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಕೊನೆಯ ಆರು ಕಿಲೋಮೀಟರು ಮಳೆನೀರು ಕೊರೆದ ಮಣ್ಣಿನ ಏರು. ಹೋಗುವಾಗ ಇಬ್ಬರು, ಬರುವಾಗ ಇಬ್ಬರ ಜೊತೆ ಹಿಂದೆ ಸುಮಾರು ನೂರು ಕೆಜಿ ಸಾಮಾನು.

ಮಾಲೀಕರ ದೂರು ಮೂರು. ಗಂಟೆಗೆ 65 ಕಿ.ಮೀ. ದಾಟಿದ ಮೇಲೆ ಮುಂದಿನ ಚಕ್ರಕ್ಕೆ ಸೇತುವೆಯ ಜಾಯಿಂಟೋ ಸಣ್ಣ ಗುಂಡಿಯೋ ಸಿಕ್ಕರೆ ಸ್ಟೀರಿಂಗ್ ಗಡಗಡ ನಡುಗಲು ಶುರುವಾಗುತ್ತದೆ, ವೇಗ 40ಕ್ಕೆ ಇಳಿಯುವ ತನಕ ನಿಲ್ಲುವುದಿಲ್ಲ. ನಿಲ್ಲಿಸಿದ ಗಾಡಿಯನ್ನು ಹಿಂದಿನಿಂದ ನೋಡಿದರೆ ಡ್ರೈವರ್ ಕಡೆಗೆ ವಾಲಿರುವುದು ಕಣ್ಣಿಗೇ ಕಾಣುತ್ತದೆ. ಹಿಂದೆ ಕೂತವರಿಗೆ ಪ್ರತಿ ಹಂಪಿನಲ್ಲೂ ಸೊಂಟಕ್ಕೆ ಏಟು.

ಈ ಗಾಡಿಗೆ ಎರಡು ವರ್ಷದ ಹಿಂದೆ ಒಂದೇ ದಿನದಲ್ಲಿ ‘ಲಿಫ್ಟ್’, ಅಂದರೆ ಗಾಡಿಯನ್ನು ಎತ್ತರಿಸುವ ಕೆಲಸ ಆಗಿತ್ತು. ನಾಲ್ಕೂ ಕಡೆ ಮೂಲ ಶಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಛಾಸಿಗೆ ಜೋಡಿಸುವ, ತೂಗಾಡುವ ಕೊಂಡಿ) ತೆಗೆದು 50 ಮಿ.ಮೀ. ಉದ್ದ ಹೆಚ್ಚಿರುವ ಶಾಕಲ್, ಹಿಂದಿನ ಎರಡೂ ಸ್ಪ್ರಿಂಗಿಗೆ ಬೇರೆ ಗಾಡಿಯ ಒಂದೊಂದು ಪ್ಲೇಟು, ಉದ್ದನೆಯ ಶಾಕ್ ಅಬ್ಸಾರ್ಬರ್, ಮತ್ತು 205/70 ಆರ್ 15ರ ಬದಲು 215/75 ಆರ್ 15 ಟೈರು. ನಡುಕ ಶುರುವಾದ ಮೇಲೆ ಸ್ಟೀರಿಂಗ್ ಡ್ಯಾಂಪರನ್ನು ಎರಡು ಸಲ ಬದಲಾಯಿಸಲಾಗಿತ್ತು. ಪ್ರತಿ ಸಲವೂ ಕೆಲವು ವಾರ ಸುಮ್ಮನಿದ್ದು ನಡುಕ ಮತ್ತೆ ಬಂತು. ಬರಲೇಬೇಕು. ಡ್ಯಾಂಪರು ನಡುಕವನ್ನು ಹಿಡಿದಿಡುವ ಕೈ ಅಷ್ಟೇ. ನಡುಗಿಸುವ ಕಾರಣ ಬೇರೆಲ್ಲೋ ಇರುತ್ತದೆ.

ಆ ಕಾರಣ ಎತ್ತರವನ್ನು ತಂದ ಜಾಗದಲ್ಲೇ ಇತ್ತು. ಜಿಪ್ಸಿಯಂಥ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳು) ಗಾಡಿಗೆ ಎತ್ತರ ಬೇಕಿದ್ದರೆ ಅದನ್ನು ಸ್ಪ್ರಿಂಗಿನ ಬಾಗಿನಿಂದ ಪಡೆಯಬೇಕು, ಶಾಕಲಿನಿಂದ ಪಡೆಯಬಾರದು. ಶಾಕಲ್ ಕೊಡುವ ಪ್ರತಿ ಮಿಲಿಮೀಟರಿಗೂ ಆಕ್ಸಲಿನ ಕೋನದಲ್ಲಿ ಬೆಲೆ ತೆರಬೇಕಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಬಿಚ್ಚುವ ಮುಂಚೆ ಅಳತೆ ತೆಗೆಯದಿದ್ದರೆ ಕೆಲಸ ಮುಗಿದ ಮೇಲೆ ಏನು ಸರಿಹೋಯಿತು ಎಂದು ಯಾರೂ ಹೇಳಲಾರರು. ಮಟ್ಟವಾದ ನೆಲ ಮೊದಲು ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳು ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತವೆ. ಅಲ್ಲಿ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಗಾರೆ ಕೆಲಸದವರು ಬಳಸುವ ಪಾರದರ್ಶಕ ನೀರಿನ ಟ್ಯೂಬು ನಾಲ್ಕು ಚಕ್ರದ ಜಾಗವನ್ನೂ ಎರಡು ನಿಮಿಷದಲ್ಲಿ ಹೋಲಿಸಿ ಕೊಡುತ್ತದೆ. ತಗ್ಗಿರುವ ಕಡೆ ಪ್ಲೈವುಡ್ ತುಂಡು ಕೊಟ್ಟರೆ ಸಾಕು.

ನಾಲ್ಕೂ ಟೈರಿಗೆ 26 ಪಿಎಸ್‌ಐ ಗಾಳಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್, ಒಳಗೆ ಯಾರೂ ಇಲ್ಲ. ಗಾಡಿಯನ್ನು ಒಂದು ಮೀಟರಿನಷ್ಟು ಹಿಂದಕ್ಕೂ ಮುಂದಕ್ಕೂ ತಳ್ಳಿ, ನಾಲ್ಕು ಮೂಲೆಯನ್ನೂ ಒತ್ತಿ ಬಿಟ್ಟ ಮೇಲೆ ಹಬ್ಬಿನ ಮಧ್ಯದಿಂದ ಮಡ್ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಲಾಯಿತು. ಮುಂದೆ ಎಡ 474, ಬಲ 462. ಹಿಂದೆ ಎಡ 492, ಬಲ 471 ಮಿ.ಮೀ. ನೆಲದಿಂದ ಅಳೆಯದೆ ಹಬ್ಬಿನಿಂದ ಅಳೆಯುವುದಕ್ಕೆ ಕಾರಣವಿದೆ: ಟೈರಿನ ಸವೆತ, ಗಾಳಿಯ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುವುದಿಲ್ಲ, ಸ್ಪ್ರಿಂಗಿನ ಸ್ಥಿತಿ ಮಾತ್ರ ಕಾಣುತ್ತದೆ.

ಎರಡನೆಯ ಪರೀಕ್ಷೆಗೆ ಎರಡು ಮೂಟೆ ಸಿಮೆಂಟು, ಅಂದರೆ 100 ಕೆಜಿ. ಹಿಂದಿನ ಆಕ್ಸಲಿನ ನೇರ ಮೇಲೆ ಇಟ್ಟಾಗ ಹಿಂಭಾಗ ಸರಾಸರಿ 12 ಮಿ.ಮೀ. ಮಾತ್ರ ಇಳಿಯಿತು. ಎಂಜಿನ್ನು, ಬಾಡಿ ಎಲ್ಲ ಸೇರಿ ಒಂದು ಟನ್ನಿನ ಆಸುಪಾಸು ತೂಗುವ ಗಾಡಿಗೆ ಇದು ವಿಪರೀತ ಗಟ್ಟಿ. ಸೊಂಟಕ್ಕೆ ಬೀಳುವ ಏಟಿನ ಅರ್ಧ ಕಾರಣ ಇಲ್ಲೇ ಸಿಕ್ಕಿತು. ಉಳಿದರ್ಧ ಶಾಕ್ ಅಬ್ಸಾರ್ಬರ್ ಬಿಚ್ಚಿದಾಗ ಸಿಕ್ಕಿತು.

ಮೂರನೆಯದು ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕೋನ. ಎರಡು ಚಕ್ರಕ್ಕೂ ಒಂದೇ ಗಟ್ಟಿ ದಂಡ ಇರುವ ರಿಜಿಡ್ ಆಕ್ಸಲ್ ಗಾಡಿಯಲ್ಲಿ ಕ್ಯಾಸ್ಟರ್ ಅಡ್ಜಸ್ಟ್ ಮಾಡಲು ಬೋಲ್ಟು ಇಲ್ಲ. ಹಾಗಾಗಿ ಅಲೈನ್‌ಮೆಂಟ್ ಅಂಗಡಿಗಳು ಜಿಪ್ಸಿ ಬಂದರೆ ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ನೋಡಿ ಕಳಿಸಿಬಿಡುತ್ತವೆ. ಚಕ್ರವನ್ನು ತಿರುಗುತಟ್ಟೆಯ ಮೇಲಿಟ್ಟು ಎಡಕ್ಕೂ ಬಲಕ್ಕೂ 20 ಡಿಗ್ರಿ ತಿರುಗಿಸಿ ಕ್ಯಾಸ್ಟರ್ ಓದಿಸಿ ಎಂದು ಕೇಳಿಯೇ ಪಡೆಯಬೇಕು. ಇಲ್ಲಿ ಸಿಕ್ಕ ಅಂಕಿ ಎಡಕ್ಕೆ 0.6, ಬಲಕ್ಕೆ 0.4 ಡಿಗ್ರಿ. ಮೂಲದಲ್ಲಿ ಇರಬೇಕಾದದ್ದು ಸುಮಾರು 3.5.

ಮೂರು ಡಿಗ್ರಿ ಎಲ್ಲಿ ಹೋಯಿತು

ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಹಿಂದಿನ ತುದಿ ಛಾಸಿಗೆ ಪಿನ್ನಿನಲ್ಲಿ ನಿಂತಿರುತ್ತದೆ, ಶಾಕಲ್ ಇರುವುದು ಮುಂದಿನ ತುದಿಯಲ್ಲಿ, ಬಂಪರಿನ ಕೆಳಗೆ. ಶಾಕಲ್ ಉದ್ದವಾದರೆ ಸ್ಪ್ರಿಂಗಿನ ಮುಂದಿನ ಕಣ್ಣು (ಪಿನ್ನು ತೂರುವ ತುದಿಯ ಸುರುಳಿ) ಮಾತ್ರ ಕೆಳಗಿಳಿಯುತ್ತದೆ, ಹಿಂದಿನದು ಇದ್ದಲ್ಲೇ ಇರುತ್ತದೆ. ಇಡೀ ಸ್ಪ್ರಿಂಗು ಮೂಗು ತಗ್ಗಿಸಿದಂತೆ ವಾಲುತ್ತದೆ, ಅದಕ್ಕೆ ಕಟ್ಟಿದ ಆಕ್ಸಲೂ ವಾಲುತ್ತದೆ, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ನಿನ ತಲೆ ಮುಂದಕ್ಕೆ ಬರುತ್ತದೆ.

ಲೆಕ್ಕ ಸರಳ. ಕಣ್ಣಿನಿಂದ ಕಣ್ಣಿಗೆ ಸ್ಪ್ರಿಂಗಿನ ಉದ್ದ ಒಂದು ಮೀಟರಿಗೆ ತುಸು ಕಡಿಮೆ. ಅಷ್ಟುದ್ದದ ಕೋಲಿನ ಒಂದು ತುದಿಯನ್ನು 50 ಮಿ.ಮೀ. ಇಳಿಸಿದರೆ ಅದು ಹತ್ತಿರ ಹತ್ತಿರ 3 ಡಿಗ್ರಿ ವಾಲುತ್ತದೆ. ಆಕ್ಸಲ್ ಕೋಲಿನ ನಡುವೆ ಇರುವುದರಿಂದ ಗಾಡಿಗೆ ಸಿಗುವ ಎತ್ತರ ಅರ್ಧ ಮಾತ್ರ, 25 ಮಿ.ಮೀ. ಎತ್ತರ ಅರ್ಧ ಸಿಕ್ಕಿತು, ಕ್ಯಾಸ್ಟರ್ ಪೂರ್ತಿ ಹೋಯಿತು.

ಸೈಕಲಿನ ಮುಂದಿನ ಫೋರ್ಕನ್ನು ನೆನಪಿಸಿಕೊಳ್ಳಿ. ಅದು ಹಿಂದಕ್ಕೆ ಒರಗಿರುವುದರಿಂದಲೇ ಕೈ ಬಿಟ್ಟರೂ ಸೈಕಲ್ಲು ನೇರ ಹೋಗುತ್ತದೆ. ಕ್ಯಾಸ್ಟರ್ ಇದ್ದರೆ ಗುಂಡಿಗೆ ತಾಗಿ ಪಕ್ಕಕ್ಕೆ ತಿರುಗಿದ ಚಕ್ರ ತಾನಾಗಿ ನೆಟ್ಟಗಾಗುತ್ತದೆ. ಕ್ಯಾಸ್ಟರ್ ಸೊನ್ನೆಗೆ ಬಂದರೆ ಹಿಡಿದು ನಿಲ್ಲಿಸುವ ಬಲ ಕಡಿಮೆ. ಕಿಂಗ್‌ಪಿನ್ ಬೇರಿಂಗಿನಲ್ಲೋ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡಿನಲ್ಲೋ ಕೂದಲೆಳೆಯಷ್ಟು ಆಟ (ಸಡಿಲು) ಇದ್ದರೂ ಚಕ್ರ ಅತ್ತಿತ್ತ ಹೊಯ್ದಾಡತೊಡಗುತ್ತದೆ. ದೊಡ್ಡ, ಭಾರದ ಟೈರು ಆ ಹೊಯ್ದಾಟಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಹಿಂದೆಯೂ ಇದೇ ಲೆಕ್ಕ, ಫಲ ಬೇರೆ. ಅಲ್ಲಿ ಶಾಕಲ್ ಇರುವುದು ಹಿಂದಿನ ತುದಿಯಲ್ಲಿ. ಅದು ಉದ್ದವಾದಾಗ ಹಿಂದಿನ ಡಿಫರೆನ್ಷಿಯಲಿನ ಪಿನಿಯನ್, ಅಂದರೆ ಪ್ರೊಪೆಲ್ಲರ್ ಶಾಫ್ಟು ಸೇರುವ ಗಿಯರು, ಮೂಗೆತ್ತುತ್ತದೆ. ಎಂಜಿನ್ನಿನ ಬಲವನ್ನು ಆಕ್ಸಲಿಗೆ ಒಯ್ಯುವ ಈ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸುಗಳ (ಓರೆಯಲ್ಲೂ ತಿರುಗುವ ಕೀಲುಗಳು) ಕೋನ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಸಮ ತಪ್ಪಿದರೆ ಸೀಟಿನ ಕೆಳಗೆ ಗುಂಯ್‌ಗುಡುವ ಕಂಪನ. ಈ ಗಾಡಿಯಲ್ಲಿ ಹಿಂದಿನ ಕ್ರಾಸು ಎರಡು ವರ್ಷದಲ್ಲೇ ಒಣಗಿ ಕೆಂಪು ತುಕ್ಕಿನ ಪುಡಿ ಉದುರಿಸುತ್ತಿತ್ತು.

ಬಿಚ್ಚಿದಾಗ ಕಂಡದ್ದು

ಡ್ರೈವರ್ ಕಡೆಯ ಹಿಂದಿನ ಸ್ಪ್ರಿಂಗಿನಲ್ಲಿ ಎರಡನೆಯ ಪ್ಲೇಟು ತುಂಡಾಗಿತ್ತು, ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಮೇಲೇ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ. ತೂತಿನ ಒಂದು ಅಂಚಿನಿಂದ ಮುಕ್ಕಾಲು ಭಾಗದವರೆಗೆ ಕಂದು ತುಕ್ಕು, ನಯವಾಗಿ, ಕೆರೆಯ ದಡದ ನೀರಿನ ಗೆರೆಗಳಂತೆ ಒಂದರ ಪಕ್ಕ ಒಂದು ಗೆರೆ. ಉಳಿದ ಕಾಲು ಭಾಗ ಬೂದು ಬಣ್ಣ, ಸಕ್ಕರೆ ಹರಳಿನಂತೆ ಒರಟು. ತುಕ್ಕಿನ ಭಾಗ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೀಳಿದ್ದು. ಬೂದು ಭಾಗ ಕೊನೆಯ ಒಂದು ಏಟಿಗೆ ಮುರಿದದ್ದು. ಕಣ್ಣಿನ ಹತ್ತಿರ ಮುರಿದರೆ ಹೊರೆ ಅಥವಾ ಅತಿಯಾದ ಕುಣಿತ ಎಂದು ಅನುಮಾನಿಸಬಹುದು. ಸೆಂಟರ್ ಬೋಲ್ಟಿನ ಹತ್ತಿರ ಮುರಿದರೆ ಬಹುಮಟ್ಟಿಗೆ ಅಪರಾಧಿ ಒಬ್ಬನೇ: ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ, ಸಡಿಲವಾದ ಯು ಬೋಲ್ಟು. ಯು ಬೋಲ್ಟು ಬಿಗಿಯಾಗಿದ್ದರೆ ಸ್ಪ್ರಿಂಗಿನ ನಡುಭಾಗ ಬಾಗುವುದೇ ಇಲ್ಲ, ಅಲ್ಲಿ ತೂತಿದ್ದರೂ ಅಪಾಯವಿಲ್ಲ. ಸಡಿಲವಾದರೆ ಬಾಗುವಿಕೆಯೆಲ್ಲ ಆ ತೂತಿನ ಅಂಚಿಗೇ ಬಂದು ಕೂರುತ್ತದೆ. ಹೆಚ್ಚುವರಿ ಪ್ಲೇಟು ಹಾಕುವಾಗ ಹಳೆಯ ಯು ಬೋಲ್ಟನ್ನೇ ಮತ್ತೆ ಹಾಕಲಾಗಿತ್ತು. ಒಮ್ಮೆ ಎಳೆದು ಬಿಗಿದ ಯು ಬೋಲ್ಟಿನ ಎಳೆ ಉದ್ದವಾಗಿರುತ್ತದೆ, ಎರಡನೆಯ ಸಲ ಅದು ಅದೇ ಹಿಡಿತ ಕೊಡುವುದಿಲ್ಲ.

ಪಿನ್ನಿನ ಸುತ್ತ ಕೂರುವ ರಬ್ಬರಿನ ಬುಷ್‌ಗಳ ಕಥೆ ಬೇರೆ. ಶಾಕಲ್ ಬುಷ್ ಗುಂಡಗಿರಬೇಕು. ಇಲ್ಲಿ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ರಬ್ಬರನ್ನು ಬೆರಳಲ್ಲಿ ಉಜ್ಜಿದರೆ ಕಪ್ಪು ಮಸಿಯಂತೆ ಅಂಟುತ್ತಿತ್ತು. ಶಾಕಲ್ ಪಿನ್ನಿನ ಮೇಲೆ ಉಗುರು ಎಳೆದರೆ ತಡೆಯುವಷ್ಟು ಮೆಟ್ಟಿಲು. ಇದಕ್ಕೆ ಹಾದಿಯೊಂದೇ ಕಾರಣವಲ್ಲ. ನಮ್ಮ ವಾಟರ್ ಸರ್ವಿಸ್‌ಗಳಲ್ಲಿ ಗಾಡಿ ತೊಳೆದ ಮೇಲೆ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ರೂಢಿ ಇದೆ, ಕಿರುಗುಟ್ಟುವುದು ನಿಲ್ಲಲಿ ಎಂದು. ಪ್ಲೇಟಿಗೆ ಅದರಿಂದ ತಾತ್ಕಾಲಿಕ ಉಪಕಾರ, ರಬ್ಬರಿಗೆ ವಿಷ. ಆಯಿಲ್ ಹೀರಿದ ರಬ್ಬರು ಊದಿ ಮೆತ್ತಗಾಗಿ ಹರಿದುಹೋಗುತ್ತದೆ. ಅಂಟಿದ ಆಯಿಲಿಗೆ ಧೂಳು ಕೂಡಿ ಪ್ಲೇಟುಗಳ ನಡುವೆ ಸಾಣೆಯಾಗುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಯ ಮಾಲೀಕರು ಸರ್ವಿಸ್ ಸ್ಟೇಷನ್ನಿನಲ್ಲಿ ‘ಆಯಿಲ್ ಹೊಡೀಬೇಡಿ’ ಎಂದು ನಿಂತು ಹೇಳಬೇಕು.

ಮುಂದಿನ ಚಕ್ರ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಬಲಗಡೆ ಆಟ ಕಂಡಿತು. ಆಟ ಎಲ್ಲಿಂದ ಎಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗು, ಆಗಲೂ ಉಳಿದರೆ ಕಿಂಗ್‌ಪಿನ್ ಬೇರಿಂಗು. ಇಲ್ಲಿ ಉಳಿಯಿತು. ಬಿಚ್ಚಿದಾಗ ಕೆಳಗಿನ ಬೇರಿಂಗಿನ ಹೊರ ರೇಸಿನಲ್ಲಿ ರೋಲರುಗಳು ಒತ್ತಿದ ಗುರುತು ಸಾಲಾಗಿ ಮೂಡಿತ್ತು, ನಕಲ್, ಅಂದರೆ ಆಕ್ಸಲಿನ ತುದಿಯಲ್ಲಿ ಚಕ್ರದ ಜೊತೆ ತಿರುಗುವ ಗೆಣ್ಣು, ಅದರೊಳಗಿನ ಗ್ರೀಸು ನೀರು ಸೇರಿ ಮಜ್ಜಿಗೆಯ ಬಣ್ಣ. ಹಳ್ಳ ದಾಟುವ ಗಾಡಿಗಳಲ್ಲಿ ಇದು ಸಾಮಾನ್ಯ. ನಕಲಿನ ಆಯಿಲ್ ಸೀಲು ಹರಿದದ್ದನ್ನು ಯಾರೂ ಗಮನಿಸಿರಲಿಲ್ಲ.

ಏನು ಹಾಕುವುದು

ಸ್ಪ್ರಿಂಗಿಗೆ ಮೂರು ದಾರಿ ಇದ್ದವು. ಮೊದಲನೆಯದು ಮೈಸೂರು ರಸ್ತೆ, ಯಶವಂತಪುರದ ಕಡೆ ಲಾರಿ ಬ್ಲೇಡು (ಸ್ಪ್ರಿಂಗ್ ಪ್ಲೇಟು) ಮಾಡುವವರ ಹತ್ತಿರ ಹಳೆಯ ಪ್ಲೇಟನ್ನೇ ಬಡಿಸಿ ಬಾಗು ಏರಿಸುವುದು. ಖರ್ಚು ಕಡಿಮೆ, ಅರ್ಧ ದಿನದ ಕೆಲಸ. ಆದರೆ ತಣ್ಣಗೆ ಬಡಿದ ಬಾಗಿಗೆ ಹದ ಹಾಕಿಲ್ಲ. ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ, ಬಡಿದ ಗುರುತಿನಲ್ಲೇ ಬಿರುಕು ಹುಟ್ಟುತ್ತದೆ. ಎರಡನೆಯದು ಕಂಪನಿಯ ಮೂಲ ಸೆಟ್ಟು. ಮೂರನೆಯದು ಪ್ಯಾರಾಬೋಲಿಕ್ ಸೆಟ್ಟು.

ಮಾಲೀಕರು ಇನ್ನೂ ಒಂದು ಪ್ಲೇಟು ಸೇರಿಸಬಾರದೇ ಎಂದು ಕೇಳಿದ್ದರು. ಬ್ಲೇಡ್ ಮೇಸ್ತ್ರಿಯ ಉತ್ತರ ಒಂದೇ ಸಾಲು: ‘ಪ್ಲೇಟ್ ಹಾಕಿದ್ರೆ ಎತ್ತರ ಬರಲ್ಲ ಸಾರ್, ಗಟ್ಟಿ ಬರುತ್ತೆ.’ ಅದೇ ನಿಜ. ಸಮ ದಪ್ಪದ ನಾಲ್ಕು ಪ್ಲೇಟಿನ ಸೆಟ್ಟಿಗೆ ಇನ್ನೊಂದು ಸೇರಿಸಿದರೆ ಗಡಸು ಕಾಲು ಭಾಗ ಹೆಚ್ಚುತ್ತದೆ. ದಪ್ಪ ಪ್ಲೇಟಾದರೆ ಇನ್ನೂ ಕಷ್ಟ, ಏಕೆಂದರೆ ಗಡಸು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ: 6 ಮಿ.ಮೀ. ಪ್ಲೇಟಿಗಿಂತ 7 ಮಿ.ಮೀ. ಪ್ಲೇಟು ಹೆಚ್ಚುಕಡಿಮೆ ಒಂದೂವರೆ ಪಟ್ಟು ಗಟ್ಟಿ. ಲಾರಿಗೆ ಹೊರೆ ಇದೆ, ಅದು ಆ ಗಡಸನ್ನು ಬಾಗಿಸುತ್ತದೆ. ಖಾಲಿ ಜಿಪ್ಸಿಗೆ ಬಾಗಿಸುವ ಭಾರವೇ ಇಲ್ಲ.

ಆರಿಸಿದ್ದು 25 ಮಿ.ಮೀ. ಹೆಚ್ಚು ಬಾಗಿನ ಪ್ಯಾರಾಬೋಲಿಕ್ ಸೆಟ್ಟು. ಇದರ ಪ್ಲೇಟುಗಳು ನಡುವೆ ದಪ್ಪ, ತುದಿಗೆ ತೆಳು, ಒಂದಕ್ಕೊಂದು ನಡುವೆ ಮತ್ತು ತುದಿಯಲ್ಲಿ ಮಾತ್ರ ತಾಗುತ್ತವೆ. ಪ್ಲೇಟುಗಳ ನಡುವಿನ ಉಜ್ಜಾಟ ಕಡಿಮೆಯಾದ್ದರಿಂದ ಸಣ್ಣ ಗುಂಡಿಗಳಿಗೂ ಸ್ಪ್ರಿಂಗು ಕೆಲಸ ಮಾಡುತ್ತದೆ. ಆದರೆ ಆ ಉಜ್ಜಾಟವೇ ಇಷ್ಟು ದಿನ ಅರೆಬರೆ ಶಾಕ್ ಅಬ್ಸಾರ್ಬರಿನ ಕೆಲಸವನ್ನೂ ಮಾಡುತ್ತಿತ್ತು. ಪ್ಯಾರಾಬೋಲಿಕ್ ಹಾಕಿ ಸವೆದ ಶಾಕನ್ನು ಉಳಿಸಿಕೊಂಡರೆ ಗಾಡಿ ದೋಣಿಯಂತೆ ತೇಲುತ್ತದೆ. ಎರಡನ್ನೂ ಒಟ್ಟಿಗೆ ಮಾಡಬೇಕು, ಇಲ್ಲವೇ ಎರಡನ್ನೂ ಬಿಡಬೇಕು.

25 ಮಿ.ಮೀ. ಏಕೆ ಸಾಕು? 205/70 ಆರ್ 15 ಟೈರಿನ ಎತ್ತರ 668 ಮಿ.ಮೀ., 215/75 ಆರ್ 15ರದು ಸುಮಾರು 704. ಅರ್ಧ ಲೆಕ್ಕದಲ್ಲಿ ಹೆಚ್ಚು ಬೇಕಾದ ಜಾಗ 18 ಮಿ.ಮೀ. ಮಾತ್ರ. ಅದಕ್ಕೂ ಮೀರಿದ ಎತ್ತರಕ್ಕೆ ಬ್ರೇಕ್ ಹೋಸು, ಪ್ರೊಪೆಲ್ಲರ್ ಶಾಫ್ಟು, ಬಂಪ್ ಸ್ಟಾಪು (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರು) ಎಲ್ಲವೂ ಬದಲಾಗಬೇಕು. ಕಾನೂನಿನ ಕಡೆಯಿಂದಲೂ ಸಂಯಮ ಒಳ್ಳೆಯದು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಈ ಟೈರಿನಲ್ಲಿ ಸ್ಪೀಡೋಮೀಟರು 60 ತೋರಿಸುವಾಗ ನಿಜವಾದ ವೇಗ ಸುಮಾರು 63 ಎಂಬುದನ್ನೂ ಮಾಲೀಕರಿಗೆ ಬರೆದುಕೊಡಲಾಯಿತು.

ತಂದ ಸಾಮಾನು ಹೀಗೆ: ಸ್ಪ್ರಿಂಗ್ ಸೆಟ್ಟು 4, ಮೂಲ ಅಳತೆಯ ಶಾಕಲ್ ಮತ್ತು ಪಿನ್ 4 ಜೊತೆ, ರಬ್ಬರ್ ಬುಷ್ 24 ಅರ್ಧಗಳು, ಯು ಬೋಲ್ಟು 8, ಅದರ ನಟ್ಟು 16, ಶಾಕ್ ಅಬ್ಸಾರ್ಬರ್ 4, ಬಂಪ್ ಸ್ಟಾಪ್ 4, ಕಿಂಗ್‌ಪಿನ್ ಬೇರಿಂಗು 4, ನಕಲ್ ಸೀಲ್ ಸೆಟ್ಟು 2, ಟೈ ರಾಡ್ ಎಂಡು 2, ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಕ್ರಾಸು. ಬಹುಪಾಲು ಜೆ.ಸಿ. ರಸ್ತೆಯಲ್ಲೇ ಸಿಗುವಂಥವು. ಅಂಗಡಿಗೆ ಹಳೆಯ ಬುಷ್ ಮತ್ತು ಪಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಬೇಕು. ‘ಜಿಪ್ಸಿದು ಸಾರ್’ ಎಂದು ಕೊಡುವ ಬುಷ್ ಹಳೆಯ 1 ಲೀಟರ್ ಮಾಡೆಲಿನದ್ದೂ ಆಗಿರಬಹುದು. ಪಾಲಿಯುರೆಥೇನ್ ಬುಷ್ ಹೆಚ್ಚು ಬಾಳುತ್ತದೆ, ಆದರೆ ತೋಟದ ಕೆಸರಿನಲ್ಲಿ ಓಡುವ ಗಾಡಿಗೆ ಆಗಾಗ ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕೀಚಲು ಸದ್ದು ನಿಲ್ಲುವುದಿಲ್ಲ. ಇಲ್ಲಿ ರಬ್ಬರೇ ಸರಿ ಎನ್ನಿಸಿತು.

ಕೆಲಸದ ಕ್ರಮ

ಹಿಂದಿನ ರಾತ್ರಿಯೇ ಎಲ್ಲ ಪಿನ್ನು, ನಟ್ಟಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದು ಬಿಡಬೇಕು, ಬೆಳಗ್ಗೆ ಇನ್ನೊಮ್ಮೆ. ಒಂದು ಸಲಕ್ಕೆ ಒಂದೇ ಆಕ್ಸಲ್. ಮುಂದಿನದನ್ನು ಬಿಚ್ಚಿದಾಗ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ, ಛಾಸಿಯ ರೇಲಿನ ಕೆಳಗೆ ಎರಡು ಸ್ಟ್ಯಾಂಡು, ಆಕ್ಸಲಿನ ಕೆಳಗೆ ಟ್ರಾಲಿ ಜ್ಯಾಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ಇಟ್ಟಿಗೆ, ಹಾಲೋ ಬ್ಲಾಕು ಸ್ಟ್ಯಾಂಡಲ್ಲ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಶಾಕ್ ಅಬ್ಸಾರ್ಬರ್ ಬಿಚ್ಚಿ, ಯು ಬೋಲ್ಟು ಸಡಿಲಿಸಿ, ಆಕ್ಸಲಿನ ಭಾರವನ್ನು ಜ್ಯಾಕು ಹೊರುವಂತೆ ಮಾಡಿದ ಮೇಲೆ ಶಾಕಲ್ ಪಿನ್ನು, ಕೊನೆಗೆ ಸ್ಥಿರ ತುದಿಯ ಪಿನ್ನು. ಆಕ್ಸಲ್ ಬ್ರೇಕ್ ಹೋಸಿನ ಮೇಲೆ ನೇತಾಡದಂತೆ ನೋಡಿಕೊಳ್ಳಬೇಕು. ಈ ಗಾಡಿಯಲ್ಲಿ ಹಿಂದಿನ ಬಲದ ಸ್ಥಿರ ಪಿನ್ನು ತುಕ್ಕಿನಲ್ಲಿ ಬೆಸೆದುಹೋಗಿತ್ತು. ಗ್ಯಾಸ್ ಹಚ್ಚಿ ಕಾಯಿಸೋಣ ಎಂಬುದು ಗ್ಯಾರೇಜಿನ ಮೊದಲ ಯೋಚನೆ. ಹಿಂದೆ ಪೆಟ್ರೋಲ್ ಟ್ಯಾಂಕು, ಪಕ್ಕದಲ್ಲೇ ಲೈನು ಇರುವಾಗ ಅದು ಬೇಡ. ಬುಷ್ ಮತ್ತು ಬ್ರಾಕೆಟ್ಟಿನ ನಡುವೆ ಹ್ಯಾಕ್ಸಾ ಬ್ಲೇಡು ತೂರಿಸಿ ಕುಯ್ಯಲು ನಲವತ್ತು ನಿಮಿಷ ಹಿಡಿಯಿತು, ಬ್ರಾಕೆಟ್ಟು ಉಳಿಯಿತು.

ಸ್ಪ್ರಿಂಗು ಇಳಿದಾಗ ಸಿಗುವ ಅವಕಾಶವನ್ನು ಬಿಡಬಾರದು. ಶಾಕಲ್ ಹ್ಯಾಂಗರಿನ ಸುತ್ತ ಛಾಸಿಯನ್ನು ತಂತಿ ಬ್ರಷ್ಷಿನಲ್ಲಿ ಲೋಹ ಕಾಣುವ ತನಕ ಉಜ್ಜಿ, ವೆಲ್ಡಿನ ಅಂಚಿನಲ್ಲಿ ಕೂದಲು ಸೀಳು ಇದೆಯೇ ನೋಡಬೇಕು. ಉದ್ದ ಶಾಕಲ್ ಪಕ್ಕಕ್ಕೆ ಎಳೆದಾಗ ಹ್ಯಾಂಗರಿಗೆ ತಿರುಚುವ ಬಲ ಹೆಚ್ಚು. ಇಲ್ಲಿ ಸೀಳು ಇರಲಿಲ್ಲ. ಉಜ್ಜಿದ ಜಾಗಕ್ಕೆ ಪ್ರೈಮರು, ಬಣ್ಣ.

ಹೊಸ ಸ್ಪ್ರಿಂಗು ಕೂರಿಸುವಾಗ ಕೈ ತಪ್ಪುವ ಜಾಗ ಸೆಂಟರ್ ಬೋಲ್ಟಿನ ತಲೆ. ಜಿಪ್ಸಿಯಲ್ಲಿ ಸ್ಪ್ರಿಂಗು ಆಕ್ಸಲಿನ ಕೆಳಗಿದೆ; ಬೋಲ್ಟಿನ ತಲೆ ಮೇಲಿನ ಪೀಠದ ತೂತಿಗೆ ಸರಿಯಾಗಿ ಕೂರಬೇಕು. ತೂತಿನ ಅಂಚಿನಲ್ಲಿ ಸಿಕ್ಕಿದ್ದರೂ ಯು ಬೋಲ್ಟು ಬಿಗಿಯಾಗಿಬಿಡುತ್ತದೆ, ಆಮೇಲೆ ಆಕ್ಸಲ್ ಒಂದು ಕಡೆ ಹಿಂದೆ ಮುಂದೆಯಾಗಿ ಗಾಡಿ ಏಡಿಯಂತೆ ಓರೆ ನಡೆಯುತ್ತದೆ. ಬಿಗಿಯುವ ಮೊದಲು ಟಾರ್ಚ್ ಬಿಟ್ಟು ಪೀಠಕ್ಕೂ ಸ್ಪ್ರಿಂಗಿಗೂ ನಡುವೆ ಸಂದು ಇಲ್ಲವೆಂದು ನೋಡಿ. ಯು ಬೋಲ್ಟಿನ ನಾಲ್ಕು ನಟ್ಟನ್ನು ಎದುರು ಬದುರಾಗಿ, ಮೊದಲು 30, ಆಮೇಲೆ 50, ಕೊನೆಗೆ 70 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಲಾಯಿತು. ನಟ್ಟಿನ ಹೊರಗೆ ಉಳಿದ ಎಳೆ ನಾಲ್ಕು ಕಡೆಯೂ ಸಮ ಇರಬೇಕು.

ಶಾಕಲ್ ಮತ್ತು ಸ್ಥಿರ ಪಿನ್ನುಗಳನ್ನು ಈ ಹಂತದಲ್ಲಿ ಕೈಬಿಗಿ ಮಾತ್ರ. ಇಲ್ಲೇ ಬಹಳ ಗ್ಯಾರೇಜುಗಳು ಎಡವುತ್ತವೆ. ಚಕ್ರ ನೇತಾಡುತ್ತಿರುವಾಗ ಪಿನ್ನು ಬಿಗಿದರೆ ರಬ್ಬರು ಆ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ಬುಷ್ ನಿಂತಲ್ಲೇ ತಿರುಚಿಕೊಂಡಿರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ, ಅಲ್ಲಿಯವರೆಗೆ ಗಾಡಿಯ ಎತ್ತರವೂ ಸುಳ್ಳು. ಚಕ್ರ ಹಾಕಿ, ನೆಲಕ್ಕಿಳಿಸಿ, ಹತ್ತು ಸಲ ಕುಣಿಸಿ, ಹಿಂದೆ ಮುಂದೆ ತಳ್ಳಿ, ಪೂರ್ತಿ ಭಾರ ಸ್ಪ್ರಿಂಗಿನ ಮೇಲಿರುವಾಗಲೇ ಕೊನೆಯ ಬಿಗಿ. ಬುಷ್ ಕೂರಿಸಲು ಸೋಪಿನ ನೀರು ಸಾಕು, ಗ್ರೀಸು ಬೇಡ.

ಕಿಂಗ್‌ಪಿನ್ ಬೇರಿಂಗಿನ ಬಿಗಿಯನ್ನು ಶಿಮ್ ಎಂಬ ತೆಳು ಲೋಹದ ಬಿಲ್ಲೆಗಳಿಂದ ಹೊಂದಿಸಿ, ಸೀಲು ಹಾಕುವ ಮುನ್ನ ಟೈ ರಾಡಿನ ತೂತಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ನಕಲನ್ನು ಎಳೆದು ನೋಡಲಾಯಿತು. ಎರಡೂ ಕಡೆ ನಕಲ್ ಒಂದೇ ತೂಕಕ್ಕೆ ಹೊರಳಬೇಕು, ಎಲ್ಲೂ ತಡೆಯಬಾರದು.

ಶಾಕ್ ಅಬ್ಸಾರ್ಬರಿನ ಉದ್ದ

‘ಲಿಫ್ಟ್ ಗಾಡಿಗೆ ಉದ್ದ ಶಾಕ್’ ಎಂಬ ಮಾತು ಅರ್ಧ ಮಾತ್ರ ನಿಜ. ಸ್ಪ್ರಿಂಗು ಬದಲಾದರೂ ಬಂಪ್ ಸ್ಟಾಪ್ ಇದ್ದಲ್ಲೇ ಇದೆ, ಆಕ್ಸಲ್ ಮೇಲೇರುವ ಮಿತಿ ಹಳೆಯದೇ. ಹಿಂದೆ ಆಕ್ಸಲನ್ನು ಜ್ಯಾಕಿನಿಂದ ಬಂಪ್ ಸ್ಟಾಪಿಗೆ ತಾಗಿಸಿ ಅಳೆದಾಗ ಶಾಕಿನ ಎರಡು ಮೌಂಟುಗಳ ನಡುವೆ 330 ಮಿ.ಮೀ. ಪೂರ್ತಿ ನೇತಾಡಿಸಿದಾಗ 515. ಆದ್ದರಿಂದ ಬೇಕಾದ ಶಾಕ್ ಮುಚ್ಚಿದಾಗ 315ಕ್ಕಿಂತ ಹೆಚ್ಚಿರಬಾರದು, ಚಾಚಿದಾಗ 530ಕ್ಕಿಂತ ಕಡಿಮೆ ಇರಬಾರದು. ಎರಡೂ ಕಡೆ 15 ಮಿ.ಮೀ. ಮೀಸಲು. ತೆಗೆದ ಶಾಕ್ ಮುಚ್ಚಿದಾಗ 345 ಇತ್ತು. ಅಂದರೆ ಬಂಪ್ ಸ್ಟಾಪ್ ತಾಗುವ ಮೊದಲೇ ಶಾಕ್ ತಳ ಮುಟ್ಟುತ್ತಿತ್ತು. ಹಂಪಿನಲ್ಲಿ ಸೊಂಟಕ್ಕೆ ಬೀಳುತ್ತಿದ್ದ ಲೋಹದ ಏಟು ಅದೇ. ಬಂಪ್ ಸ್ಟಾಪಿನ ರಬ್ಬರು ಹೊಸದರಂತೆ ಮೊಂಡಾಗದೆ ಉಳಿದಿತ್ತು, ಶಾಕಿನ ಒಳಗಿನ ವಾಲ್ವು ಮಾತ್ರ ಜಜ್ಜಿಹೋಗಿತ್ತು.

ಹೊಸ ಶಾಕನ್ನು ಹಾಕುವ ಮುನ್ನ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಚಾಚಬೇಕು. ಮಲಗಿಸಿ ಇಟ್ಟಿದ್ದಾಗ ಆಯಿಲಿನೊಳಗೆ ಸೇರಿದ ಗಾಳಿ ಹಾಗೆ ಹೊರಡುತ್ತದೆ; ಇಲ್ಲದಿದ್ದರೆ ಮೊದಲ ದಿನವೇ ‘ಶಾಕ್ ಡೆಡ್’ ಎಂದು ಅಂಗಡಿಗೆ ವಾಪಸು.

ನೆಲಕ್ಕಿಳಿದ ಮೇಲೆ

ಅದೇ ಮಟ್ಟದ ನೆಲ, ಅದೇ ಗಾಳಿ, ಅರ್ಧ ಟ್ಯಾಂಕು. ಮುಂದೆ ಎಡ 458, ಬಲ 455. ಹಿಂದೆ ಎಡ 477, ಬಲ 474. ಹಳೆಯ ಅಳತೆಗಿಂತ ಎಡಗಡೆ ಗಾಡಿ ತಗ್ಗಿದೆ ಎಂದು ಮಾಲೀಕರಿಗೆ ಮೊದಲು ಬೇಸರವಾಯಿತು. ವಾಲುವಿಕೆ 21ರಿಂದ 3 ಮಿ.ಮೀ.ಗೆ ಇಳಿದದ್ದು ಆಮೇಲೆ ಗಮನಕ್ಕೆ ಬಂತು. ಅವೇ ಎರಡು ಸಿಮೆಂಟ್ ಮೂಟೆಗೆ ಈಗ ಹಿಂಭಾಗ 21 ಮಿ.ಮೀ. ಇಳಿಯುತ್ತದೆ.

ಕ್ಯಾಸ್ಟರ್ ಎಡಕ್ಕೆ 3.3, ಬಲಕ್ಕೆ 3.2 ಡಿಗ್ರಿ. ಟೋ ಇನ್ 3 ಮಿ.ಮೀ.ಗೆ ಹೊಂದಿಸಲಾಯಿತು. ಉದ್ದ ಶಾಕಲನ್ನೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿಯುವವರಿಗೆ ಕ್ಯಾಸ್ಟರ್ ವೆಡ್ಜ್ ಎಂಬ ಓರೆ ಪ್ಲೇಟು ಇದೆ: ಸ್ಪ್ರಿಂಗಿಗೂ ಆಕ್ಸಲ್ ಪೀಠಕ್ಕೂ ನಡುವೆ, ದಪ್ಪ ಅಂಚು ಮುಂದಕ್ಕೆ. ಉಕ್ಕಿನದ್ದೇ ಆಗಬೇಕು, ಅಲ್ಯೂಮಿನಿಯಂ ಜಜ್ಜಿ ಹೊರಬರುತ್ತದೆ. ಈ ಗಾಡಿಗೆ ಅದರ ಅಗತ್ಯ ಬೀಳಲಿಲ್ಲ.

ರಸ್ತೆಗಿಳಿಸುವ ಮೊದಲು ಇನ್ನೊಂದು ನೋಟ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರವನ್ನು ಒಂದಡಿ ಎತ್ತರದ ಕಲ್ಲಿನ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡು ತುದಿಗೂ ತಿರುಗಿಸಿ, ಟೈರು ಮಡ್ಗಾರ್ಡಿಗೋ ಸ್ಪ್ರಿಂಗಿಗೋ ಉಜ್ಜುತ್ತದೆಯೇ, ನೇತಾಡುವ ಚಕ್ರದ ಬ್ರೇಕ್ ಹೋಸಿನಲ್ಲಿ ಇನ್ನೂ ಸಡಿಲು ಇದೆಯೇ, ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟು ಹೊರಬರುವಷ್ಟು ಚಾಚಿದೆಯೇ ನೋಡಲಾಯಿತು. ಆಮೇಲೆ ಇನ್ನೊಂದು ಜೋಡಿ ಚಕ್ರ. ಹೋಸಿನಲ್ಲಿ ಎರಡು ಬೆರಳು ತೂರುವಷ್ಟು ಸಡಿಲು ಉಳಿದಿತ್ತು, ಉದ್ದದ ಹೋಸು ಬೇಡವಾಯಿತು.

ನೈಸ್ ರಸ್ತೆಯಲ್ಲಿ 80ರ ತನಕ, ಬೇಕೆಂದೇ ಸೇತುವೆ ಜಾಯಿಂಟುಗಳ ಮೇಲೆ, ಸ್ಟೀರಿಂಗ್ ಡ್ಯಾಂಪರನ್ನು ಬಿಚ್ಚಿಟ್ಟು ಓಡಿಸಲಾಯಿತು. ಡ್ಯಾಂಪರ್ ಇಲ್ಲದೆ ನಡುಕ ಬಾರದಿದ್ದರೆ ಮಾತ್ರ ರೋಗ ಹೋಗಿದೆ ಎನ್ನಬಹುದು. ಇಂಥ ಪರೀಕ್ಷೆಯನ್ನು ಖಾಲಿ ರಸ್ತೆಯಲ್ಲಿ, 50ರಿಂದ ಐದೈದೇ ಏರಿಸುತ್ತ, ಎರಡು ಕೈಯೂ ಸ್ಟೀರಿಂಗಿನ ಮೇಲಿಟ್ಟು ಮಾಡಬೇಕು. ನಡುಕ ಬರಲಿಲ್ಲ. ಡ್ಯಾಂಪರನ್ನು ಮತ್ತೆ ಹಾಕಲಾಯಿತು, ತೋಟದ ಕಲ್ಲುಗಳಿಂದ ಸ್ಟೀರಿಂಗ್ ಕೈಗೆ ಒದೆಯದಿರಲು ಅದು ಬೇಕು.

100 ಕಿ.ಮೀ. ಆದ ಮೇಲೆ ಯು ಬೋಲ್ಟುಗಳನ್ನು ಮತ್ತೆ 70ಕ್ಕೆ ಬಿಗಿದಾಗ ಹದಿನಾರರಲ್ಲಿ ಒಂಬತ್ತು ನಟ್ಟು ಕಾಲು ಸುತ್ತಿನಷ್ಟು ತಿರುಗಿದವು. ಹೊಸ ಪ್ಲೇಟಿನ ಬಣ್ಣ ಒತ್ತಿ ತೆಳುವಾಗುವುದರಿಂದ ಇದು ಸಹಜ, ಬಿಟ್ಟರೆ ಮುರಿದ ಪ್ಲೇಟಿನ ದಾರಿಯೇ. 500 ಕಿ.ಮೀ.ಗೆ ಎರಡೇ ನಟ್ಟು ಸ್ವಲ್ಪ ಸರಿದವು. ಸಕಲೇಶಪುರಕ್ಕೆ ಎರಡು ಸಲ ಹೋಗಿಬಂದ ಮೇಲೆ ಬಲಗಡೆಯ ನಕಲ್ ಸೀಲಿನ ಕೆಳಗೆ ತೆಳುವಾದ ಗ್ರೀಸಿನ ತೇವ ಕಾಣುತ್ತಿದೆ, ತೊಟ್ಟಿಕ್ಕುತ್ತಿಲ್ಲ. ಸೀಲು ಉಜ್ಜುವ ಗೋಳದ ಮೇಲೆ ಹಳೆಯ ತುಕ್ಕಿನ ಎರಡು ಗುಳಿಗಳಿವೆ. ಎಮೆರಿ ಪೇಪರಿನಲ್ಲಿ ತಿಕ್ಕಿದರೂ ಪೂರ್ತಿ ಹೋಗಿರಲಿಲ್ಲ. ಮಳೆಗಾಲಕ್ಕೆ ಮೊದಲು ಆ ಸೀಲನ್ನು ಇನ್ನೊಮ್ಮೆ ಬಿಚ್ಚಿ, ಗುಳಿಗಳನ್ನು ಎಪಾಕ್ಸಿಯಲ್ಲಿ ತುಂಬಿ ನಯ ಮಾಡುವ ಕೆಲಸ ಬಾಕಿ ಇದೆ.